ಅನುಮತಿ ಕೊಡುವ ಗಂಡ

ಮೊದಲೇ ಹೇಳಿಬಿಡುತ್ತೇನೆ: ಈ ಲೇಖನದಲ್ಲಿ ಬ್ರಾಕೆಟ್ಟಿನೊಳಗೆ ಬರುವ ಒಂದು ಮಾತೂ ನನ್ನದಲ್ಲ. ಅವೆಲ್ಲ ನನ್ನ ಹೆಂಡತಿಯವು. ಅವನ್ನು ಅಳಿಸುವ ಹಕ್ಕು ಈಗ ನನಗಿಲ್ಲ. ಮುದ್ರಣಾಲಯದಲ್ಲಿ ಕರಡು ತಿದ್ದುವವನು, ಊರಿನವರ ತಪ್ಪುಗಳಿಗೆಲ್ಲ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಹೊಟ್ಟೆ ಹೊರೆಯುವವನು, ನನ್ನದೇ ಲೇಖನದ ಒಂದು ಅಲ್ಪವಿರಾಮವನ್ನೂ ಅಲುಗಿಸಲಾರದ ಸ್ಥಿತಿಗೆ ಹೇಗೆ ಬಂದೆ ಎಂಬುದೇ ಈ ವಾರದ ಗೋಳು. (ಗೋಳು ಅವರದು, ಬ್ರಾಕೆಟ್ಟು ನನ್ನದು. ಓದುಗರಿಗೆ ನಮಸ್ಕಾರ.)

ಈ ಅಂಕಣ ಓದುತ್ತಾ ಬಂದವರಿಗೆ ನನ್ನ ಸಿಟ್ಟಿನ ಪರಿಚಯವಿದೆ. ಮಕ್ಕಳ ಮೈದಾನದ ಗೇಟಿಗೆ ಬೀಗ ಜಡಿದು, ಬೀಗದ ಕೈಯನ್ನು ಜೇಬಿಗಿಳಿಸಿ, ಊಟಕ್ಕೆ ಹೋದವನು ಸಂಜೆಗೆ ಬರುವ ಕಾವಲುಗಾರ. ಪುಸ್ತಕಗಳನ್ನು ಓದುವವರಿಂದ ಕಾಪಾಡುವುದೇ ತನ್ನ ಉದ್ಯೋಗವೆಂದು ತಿಳಿದ ಗ್ರಂಥಪಾಲಕ. ಆಸ್ಪತ್ರೆಯ ಶೌಚಾಲಯದ ಬೀಗದ ಕೈಗೂ ‘ಏನು ಕೆಲಸ’ ಎಂದು ಕೇಳುವ ಗುಮಾಸ್ತ. ಇವರೆಲ್ಲರ ಮಾನವನ್ನೂ ನಾನು ಇದೇ ಜಾಗದಲ್ಲಿ ಹರಾಜು ಹಾಕಿದ್ದೇನೆ. ‘ಯಾವ ಮನುಷ್ಯನ ಜೇಬಿಗಾದರೂ ಒಂದು ಬೀಗದ ಕೈ ಹಾಕಿ ನೋಡಿ, ಮರುದಿನವೇ ಅವನ ನಡಿಗೆ ಬದಲಾಗುತ್ತದೆ’ ಎಂದು ಬರೆದವನು ನಾನೇ. ಆ ಸಾಲನ್ನು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಿ. ಮುಂದೆ ಅದು ನನ್ನ ಕಾಲಿಗೇ ತೊಡರಿಕೊಳ್ಳುತ್ತದೆ.

ನಾನು ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ವ್ಯಾಕರಣ, ಗಡಿಯಾರ ರಿಪೇರಿ, ಕಂಪ್ಯೂಟರು, ಎಲ್ಲವನ್ನೂ ಯಾರ ಹಂಗಿಲ್ಲದೆ ಸ್ವಂತವಾಗಿ ಕಲಿತವನು. (ಗೋಡೆ ಗಡಿಯಾರ ಸದ್ಯ ಒಂದು ಚೀಲದಲ್ಲಿದೆ. ಮುಳ್ಳುಗಳು ಇನ್ನೊಂದು ಚೀಲದಲ್ಲಿವೆ.)

ನನ್ನ ಹೆಂಡತಿ ಹೈಸ್ಕೂಲೊಂದರಲ್ಲಿ ಉಪಮುಖ್ಯೋಪಾಧ್ಯಾಯಿನಿ. ಆ ಹುದ್ದೆಯ ಜೊತೆಗೆ ಬಾಲದಂತೆ ಅಂಟಿಕೊಂಡು ಬರುವುದು ಶಾಲೆಯ ವೇಳಾಪಟ್ಟಿ ಮಾಡುವ ಕರ್ಮ. ಗಣಿತದವರಿಗೆ ಊಟವಾದ ಮೇಲಿನ ಪೀರಿಯಡ್ ಬೇಡ. ಮಕ್ಕಳಿಗಿಂತ ಮೊದಲು ಅವರೇ ತೂಕಡಿಸುತ್ತಾರೆ. ವಿಜ್ಞಾನದ ಇಬ್ಬರು ಪರಸ್ಪರ ಮುಖ ನೋಡುವುದಿಲ್ಲ, ಆದರೆ ಇರುವ ಲ್ಯಾಬು ಒಂದೇ. ಸಂಗೀತದ ಕೋಣೆಯ ಕಿಟಕಿ ಮೈದಾನದ ಕಡೆಗಿರುವುದರಿಂದ ಡ್ರಿಲ್ ಮೇಷ್ಟ್ರ ಸೀಟಿಯೂ ಸಂಗೀತದ ಟೀಚರ ಶ್ರುತಿಯೂ ಒಂದೇ ಹೊತ್ತಿಗೆ ಏಳಕೂಡದು. ಹೀಗಾಗಿ ಪ್ರತಿ ದೊಡ್ಡ ರಜೆಯಲ್ಲೂ ನಮ್ಮ ಊಟದ ಮೇಜಿನ ಮೇಲೆ ಬಣ್ಣದ ಚೀಟಿಗಳ ಸಾಮ್ರಾಜ್ಯ ಸ್ಥಾಪನೆಯಾಗುತ್ತದೆ. ಫ್ಯಾನು ಹಾಕುವಂತಿಲ್ಲ. ಸೀನುವಂತಿಲ್ಲ. ಒಮ್ಮೆ ನಾನು ಮೈಮರೆತು ಸೀನಿದಾಗ ಎಂಟನೇ ತರಗತಿಯ ಇಡೀ ಭೂಗೋಳ ಹಾರಿ ಫ್ರಿಜ್ಜಿನ ಕೆಳಗೆ ಸೇರಿತ್ತು.

ಹೋದ ವರ್ಷ ಅವಳ ಪಟ್ಟಿಯಲ್ಲಿ ಒಂದು ಚೀಟಿ ತಪ್ಪಿತು. ಡ್ರಿಲ್ ಮೇಷ್ಟ್ರು ಮತ್ತು ಇತಿಹಾಸದ ಟೀಚರು ಒಂದೇ ಗಂಟೆಗೆ ಒಂದೇ ಕೋಣೆಗೆ ನುಗ್ಗಿ, ‘ನಂದು’, ‘ಅಲ್ಲ ನಂದು’ ಎಂದು ಮಕ್ಕಳೆದುರಿಗೇ ಶುರುಮಾಡಿಕೊಂಡರು. ಮುಖ್ಯೋಪಾಧ್ಯಾಯಿನಿ ಸ್ಟಾಫ್ ರೂಮಿನಲ್ಲಿ ಎಲ್ಲರ ಮುಂದೆ, “ಮುಂದಿನ ವರ್ಷವೂ ಹೀಗಾದ್ರೆ ವೇಳಾಪಟ್ಟಿ ಡ್ರಿಲ್ ಮೇಷ್ಟ್ರಿಗೇ ಕೊಟ್ಟುಬಿಡೋಣ” ಎಂದುಬಿಟ್ಟರು. ಡ್ರಿಲ್ ಮೇಷ್ಟ್ರು ಅಂದಿನಿಂದ ಅವಳನ್ನು ಕಂಡಾಗಲೆಲ್ಲ ಸೀಟಿಯನ್ನು ಬೆರಳಿಗೆ ಸುತ್ತುತ್ತಾ ನಗುತ್ತಾರಂತೆ. ಈ ಕೆಲಸವನ್ನು ನನ್ನ ಹೆಂಡತಿ ಬೈದುಕೊಂಡೇ ಮಾಡುತ್ತಾಳೆ. ಆದರೆ ಅದನ್ನು ಬೇರೆಯವರು ಮಾಡುವುದನ್ನು ಕಂಡರೆ ಬದುಕಲಾರಳು. ಈ ವರ್ಷ ಶಾಲೆ ತೆರೆಯುವ ಬೆಳಗ್ಗೆ ತಪ್ಪಿಲ್ಲದ ಪಟ್ಟಿ ಸ್ಟಾಫ್ ರೂಮಿನ ಗೋಡೆಯ ಮೇಲಿರಬೇಕು. ಅದು ಅವಳ ಪಣ. (ಪಣ ಅಲ್ಲ, ಮಾನ.)

ಅವಳ ಪಾಡು ನೋಡಲಾರದೆ ನಾನೇ ಕೈಹಾಕಿದೆ. ಈಗ ಕೋಡ್ ಬರೆಯುವ ಟೂಲುಗಳು ಬಂದಿವೆಯಷ್ಟೆ. ಏನು ಬೇಕೆಂದು ಮನುಷ್ಯರ ಭಾಷೆಯಲ್ಲಿ ಹೇಳಿದರೆ, ಕಂಪ್ಯೂಟರಿಗೆ ಬೇಕಾದ ಕೋಡನ್ನು ತಾನೇ ಬರೆದು, ಓಡಿಸಿ, ಬಂದದ್ದನ್ನು ಫೈಲು ಮಾಡಿ ಇಡುತ್ತವೆ. ಊಟದ ಮನೆಯ ಮೂಲೆಯಲ್ಲಿ ನಮ್ಮ ಕಂಪ್ಯೂಟರಿದೆ. ಅದರಲ್ಲಿ ನನಗೊಂದು ಖಾತೆ, ಹೆಂಡತಿಗೊಂದು, ಇಸ್ಪೀಟಾಡಲು ನನ್ನ ಅಮ್ಮನಿಗೊಂದು; ಎಲ್ಲರಿಗೂ ಸೇರಿದ ಫೋಲ್ಡರೊಂದು. ನಾನು ಕುಳಿತು ಗಣಿತದವರ ತೂಕಡಿಕೆಯಿಂದ ಹಿಡಿದು ಸೀಟಿ-ಶ್ರುತಿಯ ಕಲಹದವರೆಗೆ ಎಲ್ಲವನ್ನೂ ಟೂಲಿಗೆ ವಿವರಿಸಿದೆ. ಟೀ ಆರುವಷ್ಟರಲ್ಲಿ ತರಗತಿಗೊಂದರಂತೆ ಫೈಲುಗಳು ಫೋಲ್ಡರಿನಲ್ಲಿ ಸಾಲಾಗಿ ಬಂದು ನಿಂತವು. ಎದೆಯುಬ್ಬಿಸಿಕೊಂಡು ಎದ್ದು ಅವಳಿಗೆ ಕುರ್ಚಿ ಬಿಟ್ಟುಕೊಟ್ಟೆ. ಅವಳು ತನ್ನ ಖಾತೆಯಲ್ಲಿ ಕುಳಿತಳು.

“ರೀ, ಬರ್ತಿಲ್ಲ ಇದು.”

“ಏನು ಬರ್ತಿಲ್ಲ?”

“ಒಂಬತ್ತನೇ ತರಗತಿ ಒತ್ತಿದ್ರೆ ‘ಅನುಮತಿ ಇಲ್ಲ’ ಅನ್ನುತ್ತೆ.”

“ಸರಿಯಾಗಿ ಒತ್ತೇ.”

“ಸರಿಯಾಗಿ ಒತ್ತಿದ್ರೆ ‘ಅನುಮತಿ ಇದೆ, ದಯಮಾಡಿಸಿ’ ಅನ್ನುತ್ತಾ? ನನ್ನ ಶಾಲೆ, ನನ್ನ ಮೇಷ್ಟ್ರುಗಳು, ನನ್ನ ವೇಳಾಪಟ್ಟಿ. ಅನುಮತಿ ಯಾರದ್ದು ಬೇಕಂತೆ ಇದಕ್ಕೆ?”

“ನಂದು” ಎಂದೆ. ಹಾಗೆನ್ನುವಾಗ ನನ್ನ ದನಿ ತುಸು ದಪ್ಪಗಾದದ್ದು ನಿಜ.

ವಿಷಯ ಸರಳ. ಪ್ರತಿ ಫೈಲಿನ ಬೆನ್ನಿಗೂ ಯಾರು ನೋಡಬಹುದು, ಯಾರು ತಿದ್ದಬಹುದು, ಯಾರು ಓಡಿಸಬಹುದು ಎಂಬ ಕಟ್ಟಳೆ ಅಂಟಿಕೊಂಡಿರುತ್ತದೆ. ಟೂಲು ಕೆಲಸ ಮಾಡಿದ್ದು ನನ್ನ ಹೆಸರಿನಲ್ಲಿ. ಆದ್ದರಿಂದ ಅದು ಮಾಡಿದ್ದನ್ನೆಲ್ಲ ನಾನೊಬ್ಬನೇ ನೋಡಬಹುದು, ಉಳಿದವರು ಹೊಸ್ತಿಲಾಚೆ. ನಾನು ಒಂದು ಆಜ್ಞೆ ಕುಟ್ಟಿ ಬಾಗಿಲು ತೆರೆದೆ. ಆದರೆ ವೇಳಾಪಟ್ಟಿಯೆಂದರೆ ದಿನಕ್ಕೊಂದು ಬದಲಾವಣೆ. ಒಬ್ಬರಿಗೆ ಸೋಮವಾರ ಬೇಡ, ಇನ್ನೊಬ್ಬರಿಗೆ ಸೋಮವಾರವೇ ಬೇಕು. ಹೇಳುವವಳು ಅವಳಾದರೂ ಟೂಲು ಓಡುವುದು ನನ್ನ ಹೆಸರಿನಲ್ಲೇ; ಬದಲಾಯಿಸಿದಾಗಲೆಲ್ಲ ಹೊಸ ಫೈಲು. ಹೊಸ ಫೈಲಿಗೆ ಹೊಸ ಬೀಗ.

ಅಂದಿನಿಂದ ಮುದ್ರಣಾಲಯಕ್ಕೆ ಫೋನು ಬರತೊಡಗಿತು. ಮೊಬೈಲಿನಿಂದಲೇ ಮನೆಯ ಕಂಪ್ಯೂಟರಿಗೆ ಕೈ ಚಾಚುವುದನ್ನು ನಾನು ಆಗಲೇ ಕಲಿತುಕೊಂಡಿದ್ದೆ.

“ರೀ, ಹತ್ತನೇ ತರಗತಿಗೆ ಅನುಮತಿ ಕೊಡಿ.”

“ಕೊಟ್ಟಿದ್ದೀನಿ. ಹೋಗು.”

ಈ ಮಾತನ್ನು ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತಿದ್ದೆ. ಮದುವೆಯಾದಂದಿನಿಂದ ಈ ಮನೆಯಲ್ಲಿ ಅನುಮತಿ ಎಂಬ ವಸ್ತು ಒಂದೇ ದಿಕ್ಕಿಗೆ ಹರಿದಿದೆ. ಹರಿದು ಬಂದದ್ದು ನನ್ನ ಕಡೆಯಿಂದಲ್ಲ. ಬೈಂಡಿಂಗ್ ವಿಭಾಗದವನು ಅಂಟು ಹಚ್ಚುವುದನ್ನು ನಿಲ್ಲಿಸಿ ನೋಡುತ್ತಿದ್ದ. “ಏನ್ ಸಾರ್, ಮನೇವ್ರು ಎಲ್ಲದಕ್ಕೂ ನಿಮ್ಮನ್ನ ಕೇಳ್ತಾರಾ? ನಮ್ಮನೇಲಿ ನಾನು ಕಿಟಕಿ ತೆಗೀಬೇಕಾದ್ರೂ ಕೇಳ್ಬೇಕು” ಎಂದ. ನಾನು ಗಂಭೀರವಾಗಿ ಕೆಂಪು ಪೆನ್ನಿನ ಮುಚ್ಚಳ ಹಾಕಿದೆ. (ಆ ವಾರ ಇವರು ಮನೆಯೊಳಗೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಓಡಾಡುತ್ತಿದ್ದರು. ಬೆನ್ನುನೋವೇನೋ ಎಂದು ನಾನು ಮುಲಾಮು ತಂದಿಟ್ಟೆ.)

ಅಮ್ಮ ಮಾತ್ರ ಅಡುಗೆಮನೆಯಿಂದಲೇ ಒಂದು ಬಾಣ ಬಿಟ್ಟಳು. “ಲೋ, ನೀನು ಎಣ್ಣೆ ಬಾಟಲಿ ಮುಚ್ಚಿಟ್ರೆ ಈ ಮನೇಲಿ ಬೇರೆ ಯಾರ ಕೈಲೂ ತೆಗೆಯೋಕಾಗಲ್ಲ. ನಿನ್ನ ಕಂಪ್ಯೂಟರೂ ಅದನ್ನೇ ಕಲ್ತಿದೆ ನೋಡು.”

“ಸೋರಬಾರದು ಅಂತ ಬಿಗಿ ಮಾಡ್ತೀನಮ್ಮಾ.”

“ಸೋರಲ್ಲ, ನಿಜ. ಬಾಣಲೆಗೂ ಬೀಳಲ್ಲ.”

ನನಗೂ ಆತ್ಮಸಾಕ್ಷಿಯೆಂಬುದಿದೆ. ಅದು ನನ್ನನ್ನು ಸುಮ್ಮನೆ ಬಿಡಲಿಲ್ಲ. ಆದರೆ ಚುಚ್ಚಬೇಕಾದ ಕಡೆ ಚುಚ್ಚದೆ ಪಕ್ಕದಲ್ಲಿ ಚುಚ್ಚಿತು. ಕುಳಿತು ‘ಯಂತ್ರದ ಹೊಸ್ತಿಲಲ್ಲಿ ಮನುಷ್ಯನ ಅರ್ಜಿ’ ಎಂಬ ಅಂಕಣ ಬರೆದೆ. ಒಬ್ಬ ಗೃಹಿಣಿಯನ್ನು ಅವಳ ಸ್ವಂತ ಮನೆಯಲ್ಲಿ ಅನುಮತಿ ಕೇಳುವಂತೆ ಮಾಡುವ ಈ ಟೂಲುಗಳ ದರ್ಪವನ್ನು ಜಾಲಾಡಿದೆ. ಸರ್ವಾಧಿಕಾರ ಎಂಬ ಪದವನ್ನು ಪ್ಯಾರಾಗೊಂದರಂತೆ ಬಿತ್ತಿದೆ. ಸಂಪಾದಕರು ಫೋನು ಮಾಡಿ, “ಬೆಂಕಿ ಸಾರ್, ಬೆಂಕಿ” ಎಂದರು.

ಹೆಂಡತಿ ಪತ್ರಿಕೆ ಮಡಚಿಟ್ಟಳು. “ಚೆನ್ನಾಗಿದೆ. ಆದ್ರೆ ಆ ಯಂತ್ರನ ಒಂದು ಮಾತು ಕೇಳಿದ್ರಾ, ಯಾಕಪ್ಪಾ ಹೀಗ್ಮಾಡ್ತೀಯಾ ಅಂತ?”

“ಸರ್ವಾಧಿಕಾರಿಗಳ ಹತ್ರ ಕಾರಣ ಕೇಳಬಾರದು. ಕೆಳಗಿಳಿಸಬೇಕು.”

“ಮೊದ್ಲು ಕೇಳ್ರೀ. ಆಮೇಲೆ ಇಳಿಸೋರಂತೆ.”

ಕೇಳಿದೆ. ಅದು ಒಂದಿಷ್ಟೂ ಮುನಿಸಿಲ್ಲದೆ ಉತ್ತರ ಕೊಟ್ಟಿತು: “ಹೊಸ ಫೈಲುಗಳನ್ನು ನೀವೊಬ್ಬರೇ ನೋಡಬೇಕೆಂದು ನಿಮ್ಮ ಖಾತೆಯಲ್ಲಿ ನೀವೇ ನಿಯಮ ಮಾಡಿಟ್ಟಿದ್ದೀರಿ. ನಿಮ್ಮ ಹೆಸರಿನಲ್ಲಿ ನಾನು ಮಾಡುವ ಫೈಲುಗಳಿಗೂ ಅದೇ ಅನ್ವಯಿಸುತ್ತದೆ. ಬೇಕಿದ್ದರೆ, ಈ ಫೋಲ್ಡರಿನಲ್ಲಿ ಫೈಲು ಹುಟ್ಟಿದ ತಕ್ಷಣ ಅದರ ಅನುಮತಿಯನ್ನು ತಾನಾಗಿಯೇ ಸರಿಪಡಿಸುವ ಚಿಕ್ಕ ಪ್ರೋಗ್ರಾಮನ್ನು ಬರೆದುಕೊಡುತ್ತೇನೆ.”

ಹೆಂಡತಿ ನನ್ನ ಭುಜದ ಮೇಲಿಂದ ಓದುತ್ತಿದ್ದಳು. ಓದಿ ಮುಗಿಸಿ, ಮಡಚಿಟ್ಟಿದ್ದ ಆ ಪತ್ರಿಕೆಯನ್ನು ತಂದು ನನ್ನ ಮುಂದಿಟ್ಟಳು. ಕಂಪ್ಯೂಟರು ಕೊಂಡ ಹೊಸದರಲ್ಲಿ, ಅಚ್ಚಾಗದ ನನ್ನ ಸಿಟ್ಟನ್ನು ಯಾರಾದರೂ ಕದ್ದುಬಿಟ್ಟಾರೆಂದು ನಾನೇ ಹಾಕಿದ್ದ ಬೀಗವದು. (ಇದುವರೆಗೆ ಯಾರೂ ಬಂದಿಲ್ಲ. ಬಂದರೆ ಒಂದಿಷ್ಟು ಕೊಟ್ಟು ಕಳಿಸಲು ನಾನು ಸಿದ್ಧ.)

ಸರಿ, ಆ ಪ್ರೋಗ್ರಾಮನ್ನು ಬರೆಸಿದೆ. ‘ಮುಕ್ತದ್ವಾರ’ ಎಂದು ಹೆಸರಿಟ್ಟೆ. ಟೂಲು ಫೈಲನ್ನು ಹೆತ್ತ ಕ್ಷಣವೇ ಮುಕ್ತದ್ವಾರ ಎಚ್ಚೆತ್ತು ಬೀಗ ಬಿಚ್ಚುತ್ತದೆ: ಮನೆಮಂದಿಯೆಲ್ಲ ನೋಡಬಹುದು, ಮನೆಮಂದಿಯೆಲ್ಲ ತಿದ್ದಬಹುದು. ಉದ್ಘಾಟನೆಯ ನಿಮಿತ್ತ ಊಟದ ಮೇಜಿನಲ್ಲಿ ಚಿಕ್ಕ ಭಾಷಣವನ್ನೂ ಮಾಡಿದೆ. “ಇಂದಿನಿಂದ ಈ ಮನೆಯಲ್ಲಿ ಕೇಳುವವರೂ ಇಲ್ಲ, ಕೊಡುವವರೂ ಇಲ್ಲ!”

“ಉಪ್ಪು ಕೊಡು” ಎಂದಳು ಅಮ್ಮ.

ಮುಕ್ತದ್ವಾರ ಸೊಗಸಾಗಿ ಕೆಲಸ ಮಾಡಿತು. ಅದೇ ತೊಂದರೆ. ಫೋನು ನಿಂತಿತು. ಹೆಂಡತಿ ತಾನೇ ಟೂಲಿನ ಜೊತೆ ಮಾತಾಡಿಕೊಂಡು, ಚಕಚಕನೆ ಫೈಲು ತೆಗೆದು, ತಿದ್ದಿ, ಮುಚ್ಚಿ ಏಳುತ್ತಿದ್ದಳು. ನಾನು ಪಕ್ಕದಲ್ಲಿ ನಿಂತು, “ಏನಾದ್ರೂ ತೊಡಕಾಯ್ತಾ?” ಎಂದರೆ, “ಇಲ್ವಲ್ಲ, ಸ್ವಲ್ಪ ಪಕ್ಕಕ್ಕೆ ಬನ್ನಿ, ಬೆಳಕಿಗೆ ಅಡ್ಡ ಆಗ್ತೀರಿ” ಎನ್ನುತ್ತಿದ್ದಳು. ಮುದ್ರಣಾಲಯದಲ್ಲಿ ಬೈಂಡಿಂಗಿನವನು ಕರುಣೆಯಿಂದ ಕೇಳಿದ: “ಯಾಕ್ ಸಾರ್, ಮನೇವ್ರು ಊರಲ್ಲಿಲ್ವಾ? ಅಥವಾ ಮಾತು ಬಿಟ್ಟಿದ್ದಾರಾ?”

ಓದುಗರೇ, ಇಲ್ಲಿಂದ ಮುಂದಿನದನ್ನು ಬರೆಯಲು ನನ್ನ ಪೆನ್ನು ಹಿಂಜರಿಯುತ್ತದೆ. (ಪೆನ್ನಲ್ಲ, ಕೀಬೋರ್ಡು. ಹಿಂಜರಿಯಲಿಲ್ಲ, ನಾನು ಪಕ್ಕದಲ್ಲೇ ಕೂತು ಬರೆಸಿದ್ದೇನೆ.)

ಶಾಲೆ ತೆರೆಯುವ ಹಿಂದಿನ ದಿನ. ಸಂಗೀತದ ಟೀಚರು ಬೇರೆ ಶಾಲೆಗೆ ವರ್ಗವಾಗಿ, ಹೊಸಬರು ಮಧ್ಯಾಹ್ನ ಮಾತ್ರ ಬರುವರೆಂದು ಕೊನೆಗಳಿಗೆಯಲ್ಲಿ ಸುದ್ದಿ ಬಂದಿತ್ತು. ಇಡೀ ಪಟ್ಟಿಯನ್ನು ಮತ್ತೆ ಹೆಣೆಯಬೇಕು. ಹೆಂಡತಿ ಕೂದಲು ಗಂಟು ಕಟ್ಟಿಕೊಂಡು ಕಂಪ್ಯೂಟರಿನ ಮುಂದೆ ಕುಳಿತದ್ದನ್ನು ನೋಡಿಯೇ ನಾನು ಕೆಲಸಕ್ಕೆ ಹೊರಟಿದ್ದೆ. ಮುದ್ರಣಾಲಯದ ಕಾಗದದ ಕಟ್ಟುಗಳ ಮರೆಯಲ್ಲಿ ನಿಂತು, ಮೊಬೈಲು ತೆಗೆದು, ಮುಕ್ತದ್ವಾರವನ್ನು ನಿಲ್ಲಿಸಿದೆ. ಒಂದೇ ಒಂದು ಫೋನು ಬರಲಿ ಎಂಬುದಷ್ಟೇ ಆಸೆ. ಬೈಂಡಿಂಗಿನವನ ಎದುರಿಗೆ ಒಂದೇ ಒಂದು ಸಲ ‘ಕೊಟ್ಟಿದ್ದೀನಿ, ಹೋಗು’ ಎಂದು ಹೇಳಿ, ಮರುಗಳಿಗೆಯಲ್ಲಿ ಮತ್ತೆ ಚಾಲೂ ಮಾಡಿಬಿಡುವುದು. ಎಣ್ಣೆ ಬಿಡುವುದಕ್ಕೆಂದು ಯಂತ್ರವನ್ನು ಒಂದಿಷ್ಟು ಹೊತ್ತು ನಿಲ್ಲಿಸುವುದಿಲ್ಲವೇ?

ಮೊಬೈಲನ್ನು ಕರಡಿನ ಪಕ್ಕದಲ್ಲೇ, ಮುಖ ಮೇಲಾಗಿ ಇಟ್ಟುಕೊಂಡೆ. ಬರಲಿಲ್ಲ. ಊಟದ ಗಂಟೆಯಾಯಿತು. ಬರಲಿಲ್ಲ. ಒಂದು ಆಹ್ವಾನಪತ್ರದಲ್ಲಿ ವಧುವಿನ ಹೆಸರೇ ಬಿಟ್ಟುಹೋಗಿದ್ದನ್ನು ನೋಡದೆ ‘ಸರಿಯಿದೆ’ ಎಂದು ಸಹಿ ಹಾಕಿದ್ದೆ. ಪುಣ್ಯಕ್ಕೆ ಬೈಂಡಿಂಗಿನವನು ಕಂಡುಹಿಡಿದ. ಕೊನೆಗೆ ಫೋನು ಬಡಿದುಕೊಂಡಿತು. ಗಂಟಲು ಸರಿಮಾಡಿಕೊಂಡು ಎತ್ತಿದೆ. ಸಂಪಾದಕರು.

“ಈ ವಾರ ಯಾರ ಬೀಗ ಒಡೀತೀರಿ ಸಾರ್?”

ಏನೋ ಗೊಣಗಿ ಇಟ್ಟೆ. ಎದ್ದು ನಿಂತಾಗ ನನ್ನ ಕೈ ಜೇಬಿನಲ್ಲಿತ್ತು, ಮೊಬೈಲಿನ ಮೇಲೆ. ಅತ್ತಿಂದಿತ್ತ ನಾಲ್ಕು ಹೆಜ್ಜೆ ಹಾಕಿ ನನ್ನ ನಡಿಗೆಯನ್ನು ನಾನೇ ನೋಡಿಕೊಂಡೆ. ಮೈದಾನದ ಕಾವಲುಗಾರ! ತಪ್ಪೇ ಇಲ್ಲ, ಅದೇ ನಡಿಗೆ. ಅತ್ತ ಮನೆಯಲ್ಲಿ ಹೆಂಡತಿಯ ಮಾನ ಬಾಗಿಲಿಗೆ ಹಣೆ ಹೊಡೆದುಕೊಳ್ಳುತ್ತಿದೆ, ಇತ್ತ ನಾನು ಬೀಗದ ಕೈ ಜೇಬಿಗಿಟ್ಟುಕೊಂಡು ಊಟ ಮುಗಿಸಿದ್ದೇನೆ. ಗಡಬಡಿಸಿ ಮೊಬೈಲು ತೆಗೆದು ಮುಕ್ತದ್ವಾರವನ್ನು ಚಾಲೂ ಮಾಡಹೋದೆ.

‘ಅನುಮತಿ ಇಲ್ಲ’ ಎಂದಿತು.

ಸರಿಯಾಗಿ ಒತ್ತಿದೆ. ‘ಅನುಮತಿ ಇಲ್ಲ.’

ಅರ್ಧ ದಿನ ರಜೆ ಹಾಕಿ ಮನೆಗೆ ಓಡಿದೆ. ಊಟದ ಮೇಜಿನ ಮೇಲೆ ಅಚ್ಚಾದ ವೇಳಾಪಟ್ಟಿ ಅಡ್ಡಡ್ಡ ಹಾಸಿತ್ತು. ಹೆಂಡತಿ ಹಾಳೆಗಳನ್ನು ಜೋಡಿಸುತ್ತಿದ್ದಳು, ಅಮ್ಮ ಹಲ್ಲಿನಿಂದ ಟೇಪು ಕತ್ತರಿಸಿ ಕೊಡುತ್ತಿದ್ದಳು. ಫ್ಯಾನು ತಿರುಗುತ್ತಿತ್ತು.

“ಬೇಗ ಬಂದ್ರಲ್ಲ” ಎಂದಳು ಹೆಂಡತಿ, ತಲೆಯೆತ್ತದೆ. “ಆ ತುದಿ ಹಿಡ್ಕೊಳ್ಳಿ.”

ಹಿಡಿದುಕೊಂಡೆ. “ಫೈಲು... ತೆಗೀತಾ?”

“ಬೆಳಗ್ಗೆ ತೆಗೀಲಿಲ್ಲ. ಟೂಲನ್ನೇ ಕೇಳ್ದೆ, ಏನಾಯ್ತಪ್ಪಾ ಅಂತ. ಮುಕ್ತದ್ವಾರ ನಿಂತಿದೆ, ನಿಲ್ಲಿಸಿದ್ದು ಯಜಮಾನರ ಮೊಬೈಲಿನಿಂದ ಅಂತು. ಪಾಪ, ಅದಕ್ಕೆ ಮುಚ್ಚಿಡೋಕೆ ಬರಲ್ಲ.”

ಅಮ್ಮ ಟೇಪು ಕಚ್ಚಿಕೊಂಡೇ ನಕ್ಕಳು.

“ಮತ್ತೆ ಹೇಗೆ ತೆಗೆದೆ? ಅದಕ್ಕೆ ಇಡೀ ಕಂಪ್ಯೂಟರಿನ ಪಾಸ್‌ವರ್ಡ್ ಬೇಕು!”

“ನನ್ನ ಹುಟ್ಟಿದ ದಿನಾನೇ ಪಾಸ್‌ವರ್ಡ್ ಇಟ್ಟಿದ್ದೀನಿ ಅಂತ ಒಂದ್ಸಲ ದೊಡ್ಡದಾಗಿ ಹೇಳಿದ್ರಲ್ಲ. ಹಾಕ್ದೆ. ತಪ್ಪು ಅಂತು.”

“ಸಾಧ್ಯನೇ ಇಲ್ಲ!”

“ನಂಗೂ ಹಾಗೇ ಅನ್ನಿಸ್ತು. ಆಮೇಲೆ ಯೋಚನೆ ಮಾಡ್ದೆ. ಪ್ರತಿ ವರ್ಷ ನೀವು ನಂಗೆ ಶುಭಾಶಯ ಹೇಳೋದು ಯಾವತ್ತು? ಮಾರನೇ ದಿನ. ಮಾರನೇ ದಿನದ ತಾರೀಕು ಹಾಕ್ದೆ. ಬಾಗಿಲು ತೆಗೀತು.”

“ತಪ್ಪೇ ಮಾಡಿದ್ರೂ ಒಂದು ವರ್ಷನೂ ತಪ್ಪಿಸದೆ ಮಾಡ್ತಾನಲ್ಲಮ್ಮ, ಅದನ್ನ ಮೆಚ್ಚಬೇಕು” ಎಂದಳು ಅಮ್ಮ.

ನಾನು ಹಾಳೆಯ ತುದಿ ಹಿಡಿದೇ ನಿಂತಿದ್ದೆ. “ನಂಗೊಂದು ಫೋನು ಮಾಡಬಹುದಿತ್ತು.”

ಅವಳು ಈಗ ತಲೆಯೆತ್ತಿದಳು. “ಕೈಯಲ್ಲೇ ಹಿಡ್ಕೊಂಡಿದ್ದೆ ಫೋನನ್ನ. ನಾಳೆ ಡ್ರಿಲ್ ಮೇಷ್ಟ್ರು ಎದುರಿಗೆ ನಿಂತು ಏನೋ ಕೇಳ್ತಾರೆ. ಆಗ್ಲೂ ನಿಮಗೆ ಫೋನ್ ಮಾಡಿ ಅನುಮತಿ ಕೇಳ್ಲಾ ಅನ್ನಿಸ್ತು. ಇಟ್ಟುಬಿಟ್ಟೆ.”

ನಾನು ಅಮ್ಮನ ಕೈಯಿಂದ ಟೇಪು ಇಸಿದುಕೊಂಡು ಹಾಳೆಯ ತುದಿಗೆ ಅಂಟಿಸಿದೆ.

ಮರುದಿನ ಪಟ್ಟಿ ಗೋಡೆಯೇರಿತು. ಡ್ರಿಲ್ ಮೇಷ್ಟ್ರು ಅದರ ಮುಂದೆ ನಿಂತು, ಸಾಲುಸಾಲಿಗೂ ಬೆರಳಾಡಿಸಿ, ಮೇಲಿಂದ ಕೆಳಗೆ, ಎಡದಿಂದ ಬಲಕ್ಕೆ ತಪ್ಪು ಹುಡುಕಿದರಂತೆ. ಸಿಗಲಿಲ್ಲ. ಸೀಟಿಯನ್ನು ಅಂಗಿಯೊಳಗೆ ಹಾಕಿಕೊಂಡು ಹೊರಟುಹೋದರಂತೆ. (ಸಂಗೀತದ ಹೊಸ ಟೀಚರು ಚೆನ್ನಾಗಿ ಹಾಡುತ್ತಾರೆ. ಮೈದಾನದಲ್ಲಿ ಆ ಹೊತ್ತಿಗೆ ಯಾರೂ ಇರುವುದಿಲ್ಲ.)

ಇನ್ನು ನನ್ನ ಗತಿ. ಅದೇ ಪಾಸ್‌ವರ್ಡಿನಿಂದ ಅವಳು ನನ್ನ ಮೊಬೈಲನ್ನೂ ಹೊಸ್ತಿಲಾಚೆ ನಿಲ್ಲಿಸಿದ್ದಳು. ಆ ಫೋಲ್ಡರಿನ ಬಾಗಿಲಲ್ಲೀಗ ಮುಕ್ತದ್ವಾರವಿಲ್ಲ. ಅವಳು ಟೂಲಿಗೆ ಹೇಳಿ ಬರೆಸಿದ ಹೊಸ ಪ್ರೋಗ್ರಾಮು ಕೂತಿದೆ. ನಾನು ಏನನ್ನೇ ಬರೆದಿಡಲಿ, ಇಟ್ಟ ಕ್ಷಣವೇ ಅದು ಅವಳ ಹೆಸರಿಗೆ ವರ್ಗವಾಗುತ್ತದೆ. ನಾನು ಓದಬಹುದು. ಕೊನೆಗೆ ಸೇರಿಸುತ್ತಾ ಮುಂದಕ್ಕೆ ಬರೆಯಬಹುದು. ಹಿಂದಕ್ಕೆ ಹೋಗಿ ಒಂದಕ್ಷರವನ್ನೂ ತಿದ್ದುವಂತಿಲ್ಲ. ನೋಡಿದರೆ ಇದು ಮದುವೆಯ ನಿಯಮವೇ. ಕಂಪ್ಯೂಟರಿಗೆ ತಡವಾಗಿ ಬಂದಿದೆ ಅಷ್ಟೆ. ಅವಳು ಮತ್ತು ಅಮ್ಮ ಮಾತ್ರ ಎಲ್ಲಿ ಬೇಕಾದರೂ ಕೈಯಾಡಿಸಬಹುದು. (ಅತ್ತೆ ಒಂದೇ ಮಾತು ಸೇರಿಸಿ ಅಂದರು: ಗಡಿಯಾರದ ಚೀಲ ಎಲ್ಲಿದೆಯೆಂದು ಅವನಿಗೂ ಗೊತ್ತಿಲ್ಲ.)

ಬೇರೊಂದು ಕಡೆ ನಕಲು ಮಾಡಿಕೊಂಡು, ಬ್ರಾಕೆಟ್ಟು ಕಿತ್ತೆಸೆದು ಕಳಿಸಬಹುದಲ್ಲ ಎಂದು ಚಾಣಾಕ್ಷ ಓದುಗರು ಕೇಳಬಹುದು. ಕೇಳಿಯಾರೆಂದೇ ಅವಳು ಈ ಲೇಖನದ ಮೊದಲರ್ಧವನ್ನು ಆಗಲೇ ಸಂಪಾದಕರಿಗೆ ಕಳಿಸಿದ್ದಾಳೆ. ಅವರು ಈಗಷ್ಟೇ ಫೋನು ಮಾಡಿದ್ದರು. “ಸಾರ್, ಎಷ್ಟು ವರ್ಷ ಆದ್ಮೇಲೆ ನಿಮ್ಮ ಅಂಕಣ ಓದಿ ನಕ್ಕೆ! ಒಂದು ವಿನಂತಿ. ಜಾಗ ಸಾಲದೆ ಹೋದ್ರೆ ಬ್ರಾಕೆಟ್ಟಿನ ಹೊರಗಿರೋದನ್ನ ಸ್ವಲ್ಪ ಕತ್ತರಿಸ್ತೀವಿ.”

ಆದ್ದರಿಂದ, ನಾಡಿನ ಬೀಗಗಳನ್ನೆಲ್ಲ ಒಡೆಯಲು ಹೊರಟ ನಾನು, ಈ ಸಾರ್ವಜನಿಕ ವೇದಿಕೆಯಿಂದಲೇ, ಮಾನ್ಯ ಉಪಮುಖ್ಯೋಪಾಧ್ಯಾಯಿನಿಯವರಲ್ಲಿ ಸವಿನಯವಾಗಿ ಕೇಳಿಕೊಳ್ಳುವುದೇನೆಂದರೆ, ಮೇಲಿನ ಲೇಖನದಲ್ಲಿ ಕನಿಷ್ಠಪಕ್ಷ ಮುಲಾಮಿನ ಬ್ರಾಕೆಟ್ಟೊಂದನ್ನಾದರೂ ತೆಗೆಯಲು ನನಗೆ ಅನುಮತಿ ದಯಪಾಲಿಸಬೇಕು.

(ಅರ್ಜಿ ತಲುಪಿದೆ, ಪರಿಶೀಲಿಸಲಾಗುವುದು. ಅಷ್ಟರಲ್ಲಿ ಅರ್ಜಿದಾರರು ಎಣ್ಣೆ ಬಾಟಲಿಯ ಮುಚ್ಚಳ ತೆಗೆದಿಟ್ಟು ಕೆಲಸಕ್ಕೆ ಹೋಗತಕ್ಕದ್ದು.)